ಮನೆ ಕಂಪ್ಯೂಟರಿಗೆ ಟರ್ಮಿನಲ್ ಎಮ್ಯುಲೇಟರ್: ಪುಟ್ಟಿ ಸಾಕೇ, ದುಡ್ಡು ಕೊಟ್ಟು ಸೆಕ್ಯೂರ್‌ಸಿಆರ್‌ಟಿ ಕೊಳ್ಳಬೇಕೇ?

ಬೇರೆ ಯಂತ್ರಕ್ಕೆ ಕಮಾಂಡ್ ಟೈಪ್ ಮಾಡಿ ಕಳಿಸುವ ಕಿಟಕಿಯೇ ಟರ್ಮಿನಲ್ ಎಮ್ಯುಲೇಟರ್. ಪುಟ್ಟಿ ಅಂಥದ್ದೊಂದು ಉಚಿತ ಪ್ರೋಗ್ರಾಂ, ಸೆಕ್ಯೂರ್‌ಸಿಆರ್‌ಟಿ ದುಡ್ಡಿನದು. ವಿಂಡೋಸ್‌ನಿಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಸುರಕ್ಷಿತ ಸಂಪರ್ಕ), ಆಗೊಮ್ಮೆ ಈಗೊಮ್ಮೆ ಹಳೇ ನೆಟ್‌ವರ್ಕ್ ಸ್ವಿಚ್ಚಿನ ಕನ್ಸೋಲ್ ಪೋರ್ಟು (ಕೇಬಲ್ ಹಾಕಿ ಸ್ವಿಚ್ಚನ್ನು ಹೊಂದಿಸುವ ಕಿಂಡಿ). ನಿಮ್ಮ ಕೆಲಸ ಇಷ್ಟೇ ಆದರೆ ದುಡ್ಡು ಖರ್ಚು ಮಾಡಬೇಡಿ.

ಎಸ್‌ಎಸ್‌ಎಚ್‌ಗೆ ಹೊಸದಾಗಿ ಏನೂ ಹಾಕಿಕೊಳ್ಳಬೇಕಿಲ್ಲ. ವಿಂಡೋಸ್ 10ರ 1803 ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ (ಎಸ್‌ಎಸ್‌ಎಚ್ ಸಂಪರ್ಕ ಮಾಡುವ ಪ್ರೋಗ್ರಾಂ) ಜೊತೆಗೇ ಬರುತ್ತದೆ. ಟ್ಯಾಬ್ ಬೇಕೆಂದರೆ ವಿಂಡೋಸ್ ಟರ್ಮಿನಲ್ ಇದೆ, ಅದೂ ಉಚಿತ. ಆದರೆ ಅದರಲ್ಲಿ ಸ್ವಿಚ್ಚಿನ ಕನ್ಸೋಲಿಗೆ ಬೇಕಾದ ಸೀರಿಯಲ್ ಪೋರ್ಟನ್ನು ನೇರವಾಗಿ ತೆರೆಯಲು ಬರುವುದಿಲ್ಲ. ಅದಕ್ಕೆ ಪುಟ್ಟಿ ಅಥವಾ ಟೆರಾ ಟರ್ಮ್ ಎಂಬ ಇನ್ನೊಂದು ಉಚಿತ ಎಮ್ಯುಲೇಟರ್ ಬೇಕು.

ಪುಟ್ಟಿಯಲ್ಲಿ ಸೀರಿಯಲ್ ಆರಿಸಿ, ಡಿವೈಸ್ ಮ್ಯಾನೇಜರ್‌ನ ಪೋರ್ಟ್ಸ್ ಅಡಿ ಕಾಣುವ ಕಾಮ್ ಸಂಖ್ಯೆ ಕೊಡಿ. ಸ್ವಿಚ್ಚಿಗೆ ಸಾಮಾನ್ಯವಾಗಿ ವೇಗ 9600, ಡೇಟಾ ಬಿಟ್ 8, ಸ್ಟಾಪ್ ಬಿಟ್ 1, ಪ್ಯಾರಿಟಿ ಇಲ್ಲ. ತೆರೆಯ ಮೇಲೆ ಕಸದಂತಹ ಅಕ್ಷರ ಬಂದರೆ ವೇಗ ತಪ್ಪಿದೆ ಎಂದರ್ಥ, 115200 ಹಾಕಿ ನೋಡಿ. ಅಕ್ಷರ ಸರಿಯಾಗಿ ಬರುತ್ತಿದ್ದು, ನೀವು ಒತ್ತಿದ ಕೀ ಮಾತ್ರ ಆ ಕಡೆ ತಲುಪದಿದ್ದರೆ ಫ್ಲೋ ಕಂಟ್ರೋಲ್ ಅನ್ನು 'ನನ್' (None, ಅಂದರೆ ಯಾವುದೂ ಬೇಡ) ಮಾಡಿ. ಎಸ್‌ಎಸ್‌ಎಚ್ ಸುಮ್ಮನೆ ಬಿಟ್ಟಾಗ ಕಡಿದುಹೋಗುತ್ತಿದ್ದರೆ ಕನೆಕ್ಷನ್ ಪುಟದಲ್ಲಿ 0 ಇರುವ ಕೀಪ್‌ಅಲೈವ್ (ಸಂಪರ್ಕ ಜೀವಂತವಾಗಿಡುವ ಸಂಕೇತದ ಅಂತರ) ಅನ್ನು 60 ಸೆಕೆಂಡ್ ಮಾಡಿ. ಹಿಂದಕ್ಕೆ ಸ್ಕ್ರೋಲ್ ಮಾಡಲು ಮೊದಲೇ ಇರುವ 2000 ಸಾಲು ಸಾಲದು, 20000 ಇರಲಿ. ಇಷ್ಟೆಲ್ಲ ಬದಲಿಸಿದ ಮೇಲೆ ಸೆಷನ್ ಪುಟಕ್ಕೆ ಮರಳಿ ಹೆಸರು ಕೊಟ್ಟು ಸೇವ್ ಒತ್ತಲೇಬೇಕು. ನೇರವಾಗಿ ಓಪನ್ ಒತ್ತಿದರೆ ಮುಂದಿನ ಸಲ ಮತ್ತೆ ಮೊದಲಿಂದ ಶುರು. (ಈ ವಿಷಯದಲ್ಲಿ ಪುಟ್ಟಿಯದು ವಿಚಿತ್ರ ಹಟ.) ಸೆಷನ್‌ಗಳು ಫೈಲಿನಲ್ಲಲ್ಲ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನಿಡುವ ರಿಜಿಸ್ಟ್ರಿಯಲ್ಲಿ ಕೂತಿರುತ್ತವೆ. ಕಂಪ್ಯೂಟರ್ ಬದಲಿಸುವ ಮುಂಚೆ ಆ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಉಚಿತ ಎಂದರೆ ಭದ್ರತೆ ಕಡಿಮೆ ಎಂದೇನಲ್ಲ, ಅಪ್‌ಡೇಟ್ ಮಾತ್ರ ನೀವೇ ನೋಡಿಕೊಳ್ಳಬೇಕು. ಪುಟ್ಟಿಯ 0.68ರಿಂದ 0.80ರವರೆಗಿನ ಆವೃತ್ತಿಗಳಲ್ಲಿ ಪಿ-521 ಇಸಿಡಿಎಸ್‌ಎ ಎಂಬ ಬಗೆಯ ಲಾಗಿನ್ ಕೀಗಳಿಂದ ಡಿಜಿಟಲ್ ಸಹಿ ಹಾಕುವ ರೀತಿಯಲ್ಲೇ ದೋಷವಿತ್ತು. ಸಾಕಷ್ಟು ಸಹಿಗಳು ಸಿಕ್ಕರೆ ಖಾಸಗಿ ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದಿತ್ತು. 2024ರ ಏಪ್ರಿಲ್‌ನಲ್ಲಿ ಬಂದ 0.81ರಲ್ಲಿ ಅದು ಸರಿಯಾಯಿತು. ಹಳೆಯದರಲ್ಲಿ ಅಂಥ ಕೀ ಬಳಸಿದ್ದರೆ ಅಪ್‌ಡೇಟ್ ಸಾಲದು, ಕೀಯನ್ನೇ ಬಿಸಾಡಿ ಹೊಸದು ಮಾಡಿ.

ಪೈನಲ್ಲಿರುವ ಗ್ರಾಫಿಕಲ್ ಪ್ರೋಗ್ರಾಂನ ಕಿಟಕಿ ಇಲ್ಲೇ ತೆರೆಯಬೇಕಾದರೆ ಮೊಬಾಎಕ್ಸ್‌ಟರ್ಮ್ ಎಂಬ ಎಮ್ಯುಲೇಟರ್ ಒಳ್ಳೆಯದು, ಆ ಕಿಟಕಿಯನ್ನು ಇಲ್ಲಿ ಮೂಡಿಸುವ ಎಕ್ಸ್ ಸರ್ವರ್ ಅದರಲ್ಲೇ ಇದೆ. ಉಚಿತ ಹೋಮ್ ಆವೃತ್ತಿಯಲ್ಲಿ 12 ಸೆಷನ್, 2 ಟನಲ್ (ಎಸ್‌ಎಸ್‌ಎಚ್ ಒಳಗಿಂದ ಬೇರೆ ಸಂಪರ್ಕ ಸಾಗಿಸುವ ದಾರಿ) ಮಿತಿ. ಮನೆಗೆ ಧಾರಾಳ.

ಹಾಗಾದರೆ ಸೆಕ್ಯೂರ್‌ಸಿಆರ್‌ಟಿ ಯಾರಿಗೆ? ಹತ್ತಾರು ಯಂತ್ರಗಳನ್ನು ಫೋಲ್ಡರ್ ಮಾಡಿ ಜೋಡಿಸಿಕೊಳ್ಳುವವರಿಗೆ, ಒಂದೇ ಕಮಾಂಡನ್ನು ಎಲ್ಲ ಟ್ಯಾಬ್‌ಗಳಿಗೂ ಕಳಿಸುವವರಿಗೆ, ಪೈಥಾನ್ ಸ್ಕ್ರಿಪ್ಟಿನಿಂದ ಸೆಷನ್ ನಡೆಸುವವರಿಗೆ. ಸಣ್ಣಪುಟ್ಟ ಸ್ಕ್ರಿಪ್ಟಿಗೆ ಟೆರಾ ಟರ್ಮ್‌ನ ಮ್ಯಾಕ್ರೋ ಸಾಕು. ಆದರೂ ಆಸೆಯಿದ್ದರೆ 30 ದಿನದ ಟ್ರಯಲ್ ಹಾಕಿ ನೋಡಿ. ಆ ಅವಧಿಯಲ್ಲಿ ಟ್ಯಾಬ್ ಬಿಟ್ಟು ಬೇರೇನನ್ನೂ ನೀವು ಮುಟ್ಟದಿದ್ದರೆ, ಆ ಟ್ಯಾಬ್ ವಿಂಡೋಸ್ ಟರ್ಮಿನಲ್‌ನಲ್ಲೇ ಇದೆ.