ಸೌಂಡ್ ಕಾರ್ಡ್ ಕೊಳ್ಳುವ ಮೊದಲು ಅರ್ಥಿಂಗ್ ನೋಡಿಸಿ

ಪ್ರಶ್ನೆ: ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗ ಕೊಂಡು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದ್ದೇನೆ. ಹಿಂಬದಿಯ ಹಸಿರು ಜಾಕ್‌ಗೆ ಹಾಕಿದ ಸ್ಪೀಕರಿನಲ್ಲಿ ಸದಾ ಗುಂಯ್ ಎನ್ನುವ ಸದ್ದು. ಮೌಸ್ ಆಡಿಸಿದರೆ, ಗೇಮ್ ಶುರುವಾದರೆ ಚಿರ್ರ್ ಎನ್ನುತ್ತದೆ. ಮುಂದಿನ ಜಾಕ್‌ಗೆ ಫೋನಿನ ಹೆಡ್‌ಸೆಟ್ ಹಾಕಿದರೆ ವಾದ್ಯಗಳು ಕೇಳುತ್ತವೆ, ಹಾಡುವವರ ದನಿ ಎಲ್ಲೋ ದೂರದಲ್ಲಿ. ಕ್ಯಾಬಿನೆಟ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ ಎನ್ನುತ್ತದೆ. ಎಚ್‌ಡಿಎಂಐ ಮೂಲಕ ಟಿವಿಗೂ ಜೋಡಿಸಿದ್ದೇನೆ. ಬೇರೆ ಸೌಂಡ್ ಕಾರ್ಡ್ ಬೇಕೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲಿ ಮುಖ್ಯವಾದದ್ದು ಆ 'ಜುಮ್'. ಪವರ್ ಸಪ್ಲೈಯೊಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಕವಚಕ್ಕೆ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅರ್ಥಿಂಗ್ ಸರಿಯಿದ್ದರೆ ಅವುಗಳಿಂದ ಸೋರುವ ಅಲ್ಪ ಕರೆಂಟ್ ನೆಲ ಸೇರುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನಲ್ಲಿ ಸುಮಾರು 115 ವೋಲ್ಟ್ ನಿಂತುಬಿಡುತ್ತದೆ, ಸೋರಿದ ಕರೆಂಟ್ ಸ್ಪೀಕರ್ ವೈರಿನ ಗ್ರೌಂಡಿನಲ್ಲಿ (ಎಡ–ಬಲ ಎರಡಕ್ಕೂ ಸೇರಿದ, ಕರೆಂಟ್ ಮರಳುವ ತಂತಿಯಲ್ಲಿ) ಹರಿದು ಗುಂಯ್‌ಗುಡುತ್ತದೆ.

ಎಲೆಕ್ಟ್ರೀಷಿಯನ್‌ನನ್ನು ಕರೆಸಿ, ಕಂಪ್ಯೂಟರಿನ ಸಾಕೆಟ್ಟನ್ನೇ ಮಲ್ಟಿಮೀಟರಿನಲ್ಲಿ ಅಳೆಸಿ. ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಇದ್ದರೆ, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ಸಾಕು. ಹಳೆಯ ಚಾಳು, ಕಟ್ಟಡಗಳಲ್ಲಿ ಮೂರನೇ ತೂತು ಇದ್ದರೂ ಅದರ ಹಿಂದೆ ವೈರೇ ಇರದಿರಬಹುದು. ಅಗ್ಗದ ಎಕ್ಸ್‌ಟೆನ್ಶನ್ ಬಾಕ್ಸ್‌ಗಳಲ್ಲೂ ಹೀಗಾಗುತ್ತದೆ. ಮೂರು ಪಿನ್ನನ್ನು ಎರಡು ಪಿನ್ ಮಾಡುವ ಅಡಾಪ್ಟರ್ ಹಾಕಿದ್ದರೆ ಇಂದೇ ತೆಗೆಯಿರಿ. ಅರ್ಥ್ ಪಿನ್ ಮುರಿದರೆ ಗುಂಯ್ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ, ಅದು ಜೀವಕ್ಕೆ ಅಪಾಯ.

ಅರ್ಥಿಂಗ್ ಸರಿಯಾದ ಮೇಲೂ ಸದ್ದು ಉಳಿದರೆ ಸ್ಪೀಕರಿನ ವೈರನ್ನು ಕಂಪ್ಯೂಟರಿನಿಂದ ಕಿತ್ತು, ಚಾರ್ಜಿಗೆ ಹಾಕಿರದ ಮೊಬೈಲಿಗೆ ಜೋಡಿಸಿ. ಆಗಲೂ ಗುಂಯ್ ಎಂದರೆ ದೋಷ ಸ್ಪೀಕರಿನದು ಅಥವಾ ಅದರ ಅಡಾಪ್ಟರಿನದು. ಮೊಬೈಲಿನಲ್ಲಿ ಸ್ವಚ್ಛವಾಗಿದ್ದರೆ ಟಿವಿಯ ಕಡೆ ಹೋಗಿ: ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಟಿವಿ ವೈರಿನ ಸ್ಕ್ರೂ ಬಿಚ್ಚಿ. ಆ ವೈರಿನ ಹೊರಜಾಲರಿಗೆ ಕಟ್ಟಡದ ಬೇರೊಂದು ಕಡೆ ಗ್ರೌಂಡ್ ಆಗಿರುತ್ತದೆ. ಎಚ್‌ಡಿಎಂಐ ಅದನ್ನು ನಿಮ್ಮ ಕ್ಯಾಬಿನೆಟ್ಟಿಗೆ ತಂದು ಜೋಡಿಸಿದಾಗ ಗ್ರೌಂಡ್ ಲೂಪ್, ಅಂದರೆ ಎರಡು ಕಡೆ ನೆಲ ಸೇರುವ ಗ್ರೌಂಡಿನ ಸುತ್ತು, ಆಗಿ ಅದರಲ್ಲಿ ಕರೆಂಟ್ ಹರಿಯುತ್ತದೆ. ಬಿಚ್ಚಿದ ಕೂಡಲೇ ಸದ್ದು ನಿಂತರೆ ಕೇಬಲ್ ವೈರಿಗೇ ಐಸೊಲೇಟರ್ (ಗ್ರೌಂಡ್ ಸಂಪರ್ಕ ಕಡಿಯುವ ಸಾಧನ) ಹಾಕಿಸಿ. ಸ್ಪೀಕರ್ ವೈರಿನಲ್ಲಿ ಹಾಕುವ 3.5 ಎಂಎಂ ಐಸೊಲೇಟರ್ ಕೂಡ ನಡೆಯುತ್ತದೆ, ಆದರೆ ಕಳಪೆಯದಾದರೆ ಅದರೊಳಗಿನ ಟ್ರಾನ್ಸ್‌ಫಾರ್ಮರ್ ಬೇಸ್ (ಮಂದ್ರ ಸ್ವರ) ಅನ್ನು ತಿಂದುಹಾಕುತ್ತದೆ.

ಮೌಸ್ ಮತ್ತು ಗೇಮಿನ ಚಿರ್ರ್ ಕೂಡ ಬಹುಮಟ್ಟಿಗೆ ಇದೇ ದಾರಿಯಲ್ಲಿ ಬರುತ್ತದೆ: ಗ್ರಾಫಿಕ್ಸ್ ಕಾರ್ಡ್ ಎಳೆಯುವ ಕರೆಂಟಿನ ಏರಿಳಿತ ಹಂಚಿಕೊಂಡ ಗ್ರೌಂಡಿನಲ್ಲಿ ಸೇರಿಕೊಳ್ಳುತ್ತದೆ. ಮುಂದಿನ ಜಾಕಿನಲ್ಲಿ ಮಾತ್ರ ಕೇಳಿದರೆ ಕ್ಯಾಬಿನೆಟ್ಟಿನೊಳಗಿನ ಆಡಿಯೋ ವೈರನ್ನು ಗ್ರಾಫಿಕ್ಸ್ ಕಾರ್ಡಿನಿಂದ ದೂರವಾಗಿ, ಮದರ್‌ಬೋರ್ಡ್ ಹಿಂದಿನ ತಟ್ಟೆಯ ಕಡೆಯಿಂದ ಎಳೆಯಿರಿ. ವಿಂಡೋಸಿನಲ್ಲಿ ಸ್ಪೀಕರ್ ಪ್ರಾಪರ್ಟೀಸ್‌ನ ಲೆವೆಲ್ಸ್ ತೆರೆದು, ಅಲ್ಲಿ ಮೈಕ್, ಲೈನ್ ಇನ್ ಕಂಡರೆ ಮ್ಯೂಟ್ ಮಾಡಿ. ಬಳಸದ ಮೈಕಿನ ಗದ್ದಲವೂ ಸ್ಪೀಕರಿಗೆ ಬರುತ್ತಿರಬಹುದು.

ದೂರವಾದ ದನಿಗೆ ಕಾರಣ ಬೇರೆ. ಗ್ರೌಂಡ್ ಸಂಪರ್ಕ ತಪ್ಪಿದಾಗ ಹೆಡ್‌ಫೋನಿನಲ್ಲಿ ಎಡ–ಬಲಗಳ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ ಹಾಕಿರುವುದರಿಂದ ಮಾಯವಾಗುವುದು ಅದೇ. ಫೋನಿನ ಹೆಡ್‌ಸೆಟ್ ಪಿನ್ನಿಗೆ ಮೂರು ಕಪ್ಪು ಪಟ್ಟಿ, ಬರೀ ಹೆಡ್‌ಫೋನಿನ ಜಾಕಿಗೆ ಹೊಂದುವ ಪಿನ್ನಿಗೆ ಎರಡೇ. ಹಾಗಾಗಿ ಅಲ್ಲಿ ಗ್ರೌಂಡ್ ಸರಿಯಾಗಿ ಕೂಡದಿರಬಹುದು. ಮೈಕ್, ಹೆಡ್‌ಫೋನ್ ಬೇರೆ ಮಾಡುವ ವೈ ಆಕಾರದ ಸ್ಪ್ಲಿಟರ್ ಕೊಳ್ಳಿ. ಮದರ್‌ಬೋರ್ಡಿನ ಆಡಿಯೋ ಹೆಡರಿಗೆ (ಮುಂದಿನ ಜಾಕಿನ ವೈರು ಸೇರುವ ಪಿನ್ನುಗಳ ಗುಂಪಿಗೆ) ಕನೆಕ್ಟರ್ ಪೂರ್ತಿ ಕೂತಿದೆಯೇ ಎಂದೂ ಒಮ್ಮೆ ನೋಡಿ. ಅಲ್ಲಿ ಹತ್ತು ಪಿನ್ನಿನ ಜಾಗದಲ್ಲಿ ಎಂಟನೆಯದು ಇರುವುದಿಲ್ಲ, ಕನೆಕ್ಟರಿನ ಮುಚ್ಚಿದ ತೂತು ಆ ಜಾಗಕ್ಕೇ ಬರಬೇಕು. 'ಎಸಿ 97' (ಹಳೆಯ ಪದ್ಧತಿ) ಎಂದು ಬರೆದ ಕನೆಕ್ಟರ್ ಬಿಟ್ಟು 'ಎಚ್‌ಡಿ ಆಡಿಯೋ' ಎಂದು ಇರುವುದನ್ನೇ ಹಾಕಿ.

ಇಷ್ಟೆಲ್ಲ ಆದ ಮೇಲೂ ಹಿಂಬದಿಯ ಜಾಕಿಗೆ ನೇರವಾಗಿ ಹಾಕಿದ ಹೆಡ್‌ಫೋನಿನಲ್ಲಿ ಗದ್ದಲವಿದ್ದರೆ ಮಾತ್ರ ಯುಎಸ್‌ಬಿ ಡ್ಯಾಕ್ (ಹೊರಗಿನಿಂದ ಜೋಡಿಸುವ ಸೌಂಡ್ ಕಾರ್ಡ್) ತನ್ನಿ. ಸ್ಪೀಕರಿನ ಗ್ರೌಂಡ್ ಲೂಪಿಗೆ ಅದರಿಂದ ಪರಿಹಾರವಿಲ್ಲ, ಯುಎಸ್‌ಬಿ ವೈರಿನಲ್ಲೂ ಅದೇ ಗ್ರೌಂಡ್ ಹೋಗುತ್ತದೆ. ನಿಮ್ಮ ಬೋರ್ಡಿನಲ್ಲೂ ಸ್ಪೀಕರಿನಲ್ಲೂ ಆಪ್ಟಿಕಲ್ ಜಾಕ್ ಇದ್ದರೆ ಆ ವೈರು ಬಳಸಿ. ಅದರಲ್ಲಿ ಬೆಳಕು ಮಾತ್ರ ಹೋಗುವುದರಿಂದ ಆ ದಾರಿಯಲ್ಲಿ ಗ್ರೌಂಡ್ ಕೂಡುವುದೇ ಇಲ್ಲ.