ಟೆಕ್ಸಾಸ್‌ನಲ್ಲಿ ಅಂಗವಿಕಲ ಮಾಜಿ ಸೈನಿಕರ ಮನೆಗೆ ಆಸ್ತಿ ತೆರಿಗೆ ಪೂರ್ತಿ ಮಾಫಿಯೇ?

ಹೌದು, ಆದರೆ ತಾನಾಗಿ ಆಗುವುದಿಲ್ಲ, ಅರ್ಜಿ ಹಾಕಲೇಬೇಕು. ಸೇವೆಯಿಂದ ಬಂದ ವೈಕಲ್ಯವನ್ನು ಅಮೆರಿಕದ ಮಾಜಿ ಸೈನಿಕರ ಇಲಾಖೆ ಶೇ. 100 ಎಂದೋ, ದುಡಿಯಲಾಗದ ಸ್ಥಿತಿ ಎಂದೋ ಒಪ್ಪಿ ಶೇ. 100ರ ದರದಲ್ಲೇ ಪರಿಹಾರ ಕೊಡುತ್ತಿದ್ದರೆ, ವಾಸದ ಮನೆಗೆ ತೆರಿಗೆಯಿಲ್ಲ. ಶೇ. 90 ಇದ್ದರೆ ಸಾಮಾನ್ಯವಾಗಿ ತೆರಿಗೆ ಲೆಕ್ಕಕ್ಕೆ ಹಿಡಿಯುವ ಮನೆಯ ಮೌಲ್ಯದಲ್ಲಿ 12,000 ಡಾಲರ್ ಕಡಿತವಷ್ಟೇ. ಈ ಅಂತರ ಬಹಳ ದೊಡ್ಡದು, ಹಾಗಾಗಿ ವೈಕಲ್ಯ ಹೆಚ್ಚಾಗಿದ್ದರೆ ಇಲಾಖೆಯಲ್ಲಿ ಮರುಪರಿಶೀಲನೆ ಕೇಳಿ.

ಹಲವರು ಎಡವುವುದು ಇಲ್ಲಿ: ಅರ್ಜಿ ಹೋಗಬೇಕಾದ್ದು ತೆರಿಗೆ ಕಟ್ಟುವ ಕಚೇರಿಗಲ್ಲ, ಕೌಂಟಿಯ (ಅಲ್ಲಿನ ಜಿಲ್ಲೆ) ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ, ಅಂದರೆ ಆಸ್ತಿಯ ಮೌಲ್ಯ ನಿರ್ಧರಿಸುವ ಕಚೇರಿಗೆ. ವಾಸದ ಮನೆಯ ಮಾಫಿ ಅರ್ಜಿಯಾದ ನಮೂನೆ 50-114ರ ಜೊತೆ ವೈಕಲ್ಯದ ಪ್ರಮಾಣ ತಿಳಿಸುವ ಇಲಾಖೆಯ ರೇಟಿಂಗ್ ಪತ್ರ, ಡ್ರೈವಿಂಗ್ ಲೈಸೆನ್ಸ್ ಪ್ರತಿ ಇಡಿ. ಲೈಸೆನ್ಸ್‌ನಲ್ಲಿ ಹಳೆಯ ವಿಳಾಸವಿದ್ದರೆ ಅರ್ಜಿ ಸಿಕ್ಕಿಕೊಳ್ಳುತ್ತದೆ, ಮೊದಲು ಅದನ್ನು ಬದಲಿಸಿ. ಸೈನಿಕ ತೀರಿಕೊಂಡರೆ, ಮರುಮದುವೆಯಾಗದೆ ಅದೇ ಮನೆಯಲ್ಲಿರುವ ಸಂಗಾತಿಗೂ ಮಾಫಿ ಮುಂದುವರಿಯುತ್ತದೆ.