ಮಗನನ್ನು ಒತ್ತೆಯಿಟ್ಟ ಜಾನ್ ಮಾರ್ಷಲ್

'ಮಗನನ್ನು ಬೇಕಾದರೆ ಗಲ್ಲಿಗೇರಿಸಿ ಎಂದ ಜಾನ್ ಮಾರ್ಷಲ್ ನಿಜಕ್ಕೂ ಕಟುಕನೇ?' ಎಂದು ಕೇಳಿದ್ದೀರಿ. ಹಾಗೆನ್ನಲು ನನಗೆ ಮನಸ್ಸಾಗುವುದಿಲ್ಲ.

1152ರಲ್ಲಿ ಇಂಗ್ಲೆಂಡಿನ ರಾಜ ಸ್ಟೀಫನ್ ನ್ಯೂಬರಿ ಕೋಟೆಗೆ ಮುತ್ತಿಗೆ ಹಾಕಿದ್ದ. ಸಿಂಹಾಸನ ತನ್ನದೆಂದು ಸ್ಟೀಫನ್‌ಗೆ ಎದುರಾಗಿ ನಿಂತಿದ್ದ ಮಟಿಲ್ಡಾಳ ಪಕ್ಷದ ಸರದಾರ ಜಾನ್, ಕದನವಿರಾಮಕ್ಕಾಗಿ ಐದಾರು ವರ್ಷದ ಮಗ ವಿಲಿಯಂನನ್ನು ಒತ್ತೆ ಕೊಟ್ಟು, ಆ ಬಿಡುವಿನಲ್ಲಿ ಕೋಟೆಗೆ ದವಸಧಾನ್ಯ, ಸೈನಿಕರನ್ನು ತುಂಬಿಸಿಕೊಂಡ. ಮಾತು ಮುರಿದದ್ದು ತಪ್ಪೇ. ಮಗನನ್ನು ಗಲ್ಲಿಗೇರಿಸುವುದಾಗಿ ರಾಜ ಬೆದರಿಸಿದಾಗ, ಇನ್ನೂ ಒಳ್ಳೆಯ ಮಕ್ಕಳನ್ನು ಪಡೆಯಲು ಸುತ್ತಿಗೆ, ಅಡಿಗಲ್ಲು ತನ್ನಲ್ಲಿವೆ ಎಂದನಂತೆ! ಆದರೆ ಸ್ಟೀಫನ್‌ನ ಮೃದು ಮನಸ್ಸನ್ನು ಅವನು ಬಲ್ಲವನಾಗಿದ್ದ ಎಂದೇ ನನ್ನ ಎಣಿಕೆ. ರಾಜ ಹುಡುಗನನ್ನು ಕೊಲ್ಲಲಿಲ್ಲ. ಡೇರೆಯಲ್ಲಿ ಕುಳಿತು, ಗಿಡದ ಕಡ್ಡಿಗಳನ್ನೇ ಯೋಧರೆಂದುಕೊಂಡು ಅವನೊಡನೆ ಕಾಳಗದ ಆಟವಾಡಿದನಂತೆ.

ಅದೇ ಹುಡುಗ 1217ರಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ಬಾಲರಾಜ 3ನೇ ಹೆನ್ರಿಗಾಗಿ ಲಿಂಕನ್ ಯುದ್ಧವನ್ನು ಗೆದ್ದುಕೊಟ್ಟ.